ಡ್ಯುಯಲ್ ಸ್ಟಾರ್ ಬ್ಯಾಕ್‌ಪ್ಲೇನ್: ಮೂರನೇ ಬೋರ್ಡ್ ಎದ್ದು ನಿಂತಿತು

ಜುಲೈ 12, ಡೊಂಬಿವ್ಲಿ

ನಾನು ಮಾಡ್ತಿರೋ ಬ್ಯಾಕ್‌ಪ್ಲೇನಿನ (ಕಾರ್ಡುಗಳನ್ನ ಚುಚ್ಚಿ ಒಂದಕ್ಕೊಂದು ಜೋಡಿಸೋ ಬೋರ್ಡು) ಎರಡನೇ ಬೋರ್ಡ್ ಕೆಟ್ಟುಹೋಯ್ತು. ಹೇಗೆ ಹೋಯ್ತು ಅಂತ ಮೊದಲು ಬರೆದಿಡ್ತೀನಿ, ಮೂರನೇದರ ಡಿಸೈನ್ ಪೂರ್ತಿ ಅದರಿಂದಾನೇ ಹುಟ್ಟಿದ್ದು.

ಹೊಸಬರಿಗೆ: ಆರು ಸ್ಲಾಟ್, ನಾಲ್ಕರಲ್ಲಿ ರಾಸ್ಪ್‌ಬೆರಿ ಪೈ ಕಂಪ್ಯೂಟ್ ಮಾಡ್ಯೂಲ್ 4 (ಪುಟ್ಟ ಕಂಪ್ಯೂಟರ್) ಕೂರಿಸಿದ ಕಾರ್ಡು, ಎರಡರಲ್ಲಿ ಈಥರ್ನೆಟ್ ಸ್ವಿಚ್. ಪ್ರತಿ ಕಾರ್ಡಿಂದ ಎರಡೂ ಸ್ವಿಚ್ಚಿಗೆ ಒಂದೊಂದು ಗಿಗಾಬಿಟ್ ಲಿಂಕ್ (ಒಂದು ಮಾಡ್ಯೂಲಲ್ಲೇ ಇದೆ, ಇನ್ನೊಂದಕ್ಕೆ ಪಿಸಿಐ ಎಕ್ಸ್‌ಪ್ರೆಸ್ ಲೇನಿಗೆ ಬೇರೆ ಚಿಪ್ ಹಾಕಿದೀನಿ). ಹೀಗೆ ಎರಡು ಸ್ವಿಚ್ಚಿಂದ ಎಲ್ಲಾ ಕಾರ್ಡಿಗೂ ನಕ್ಷತ್ರದ ಥರ ವೈರ್ ಹರಡೋದೇ ಡ್ಯುಯಲ್ ಸ್ಟಾರ್. ಐಡಿಯಾ 2001ರ ಪಿಕ್‌ಮಿಗ್ 2.16 ಅನ್ನೋ ಸ್ಟ್ಯಾಂಡರ್ಡಿಂದು. ಅದಕ್ಕೂ ಮುಂಚೆ ಕಾಂಪ್ಯಾಕ್ಟ್ ಪಿಸಿಐ ಅನ್ನೋ ಕೈಗಾರಿಕಾ ಕಂಪ್ಯೂಟರ್ ಸ್ಟ್ಯಾಂಡರ್ಡಲ್ಲಿ ಎಲ್ಲಾ ಕಾರ್ಡೂ ಒಂದೇ ಬಸ್ಸಿಗೆ (ಎಲ್ಲಾ ಹಂಚ್ಕೊಳ್ಳೋ ವೈರ್ ಗುಂಪು) ಜೋತುಬಿದ್ದಿರ್ತಿದ್ವು, 33 ಮೆಗಾಹರ್ಟ್ಸಲ್ಲಿ ಎಂಟು ಸ್ಲಾಟ್, 66ಕ್ಕೆ ಹೋದ್ರೆ ಐದೇ, ಮತ್ತೆ ಯಾವುದೋ ಒಂದು ಕಾರ್ಡ್ ಕೆಟ್ಟು ಲೈನ್ ಹಿಡ್ಕೊಂಡು ಕೂತ್ರೆ ಉಳಿದವೆಲ್ಲಾ ನಿಂತೇ ಹೋಗೋವು. 2.16ರಲ್ಲಿ ಪ್ರತಿ ಸ್ಲಾಟಿಗೂ ಎರಡು ಸ್ವಿಚ್ ಸ್ಲಾಟಿಂದ ಅದರದ್ದೇ ವೈರ್ ಎಳೆದ್ರು. ಒಂದು ಸ್ವಿಚ್ ಸತ್ರೆ ಇನ್ನೊಂದಿದೆ.

ಇಷ್ಟೆಲ್ಲಾ ಮಾಡಿ ನಾನು ಸ್ಲಾಟ್ ಆನ್-ಆಫ್ ಮಾಡೋ ಐ-ಸ್ಕ್ವೇರ್-ಸಿ (ಚಿಪ್ಪುಗಳು ಮಾತಾಡ್ಕೊಳ್ಳೋ ಎರಡು ವೈರಿನ ಬಸ್ಸು) ಮಕ್ಸ್ ಚಿಪ್ಪನ್ನ, ಅಂದ್ರೆ ಆ ಬಸ್ಸನ್ನ ಹಲವು ಸ್ಲಾಟಿಗೆ ಹಂಚೋದನ್ನ, ಬ್ಯಾಕ್‌ಪ್ಲೇನ್ ಮೇಲೇ ಬೆಸುಗೆ ಹಾಕಿದ್ದೆ. ಮಂಗಳವಾರ ರಾತ್ರಿ ಅದು ಶಾರ್ಟ್ ಆಯ್ತು. ಎರಡು ಪವರ್ ಸಪ್ಲೈ, ಎರಡು ಸ್ವಿಚ್, ನಾಲ್ಕು ಕಾರ್ಡು ಎಲ್ಲಾ ಗಟ್ಟಿಯಾಗೇ ಇವೆ, ಆದ್ರೂ ಒಂದೂ ಆನ್ ಆಗ್ಲಿಲ್ಲ. ಬದಲಾಯಿಸಬೇಕಂದ್ರೆ ಎಲ್ಲಾ ಕಾರ್ಡ್ ಕಿತ್ತು ಬ್ಯಾಕ್‌ಪ್ಲೇನನ್ನೇ ಬಿಚ್ಚಬೇಕು. ಕಾರ್ಡನ್ನ ಓಡ್ತಿರುವಾಗ್ಲೇ ಕೀಳಬಹುದು, ಬ್ಯಾಕ್‌ಪ್ಲೇನನ್ನ ಕೀಳೋಕಾಗಲ್ಲ. ಹಾಗಾಗಿ ಕೆಡೋಂಥದ್ದು ಏನೂ ಅದರ ಮೇಲೆ ಇರಬಾರದು, ತಾಮ್ರ ಮತ್ತು ಕನೆಕ್ಟರ್ ಅಷ್ಟೇ.

ಜುಲೈ 27

ಅಡ್ವಾನ್ಸ್ಡ್ ಟಿಸಿಎದಲ್ಲಿ (ಟೆಲಿಕಾಂ ಯಂತ್ರಗಳ ಸ್ಟ್ಯಾಂಡರ್ಡ್) ಇದನ್ನ ಎಷ್ಟು ನೀಟಾಗಿ ಮಾಡಿದಾರೆ ಅಂತ ಈಗ ಅರ್ಥ ಆಗ್ತಿದೆ. ಮೈನಸ್ 48 ವೋಲ್ಟಿನ ಎರಡು ಫೀಡ್ ಪ್ರತಿ ಕಾರ್ಡ್ ತನಕ ಬೇರೆಬೇರೆಯಾಗೇ ಬರ್ತವೆ, ಸೇರೋದು ಕಾರ್ಡ್ ಒಳಗೆ. ಮ್ಯಾನೇಜ್‌ಮೆಂಟ್ ಬಸ್ಸೂ ಎರಡು. ನಾನೂ ಹಾಗೇ ಮಾಡ್ದೆ: 12 ವೋಲ್ಟಿನ ಎರಡು ಲೈನು, ಕಾರ್ಡ್ ಮೇಲೆ ಎರಡಕ್ಕೂ ಒಂದೊಂದು ಫ್ಯೂಸು, ಆಮೇಲೆ ಶಾಟ್ಕಿ ಡಯೋಡು (ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋದು). ಐ-ಸ್ಕ್ವೇರ್-ಸಿ ಲೈನೂ ಎರಡು, ಪ್ರತಿ ಕಾರ್ಡಲ್ಲಿ ಒಂದು ಬಫರ್, ಡೇಟಾ ಲೈನ್ ತುಂಬಾ ಹೊತ್ತು ಕೆಳಗೇ ಸಿಕ್ಕಿಬಿದ್ರೆ ತನ್ನ ಕಾರ್ಡನ್ನ ತಾನೇ ಬೇರೆ ಮಾಡ್ಕೊಳುತ್ತೆ.

ಶನಿವಾರ ಮುಂಬೈನ ಲ್ಯಾಮಿಂಗ್ಟನ್ ರೋಡಿಗೆ ಹೋಗಿ 96 ಪಿನ್ನಿನ ಡಿನ್ 41612 ಕನೆಕ್ಟರ್ ತಂದೆ. ಗ್ರೌಂಡ್ ಪಿನ್ ಉದ್ದ ಇರೋದು ಬೇಕಿತ್ತು, ಮೊದಲು ತಾಗಿ ಕೊನೆಗೆ ಬಿಡೋದು, ಅದಿಲ್ಲದೆ ಹಾಟ್ ಸ್ವಾಪ್ (ಓಡ್ತಿರುವಾಗ್ಲೇ ಕಾರ್ಡ್ ಕೀಳೋದು, ಹಾಕೋದು) ಮಾತೇ ಬೇಡ. ಮೂರು ಅಂಗಡಿಯಲ್ಲಿ ಇಲ್ಲ ಅಂದ್ರು, ನಾಲ್ಕನೇ ಅಂಗಡಿ ಕಾಕಾ ಒಳಗಿಂದ ಧೂಳು ಹಿಡಿದ ಡಬ್ಬ ತಂದು "ಎಷ್ಟು ಬೇಕು ತಗೋ ಬಾಳಾ" ಅಂದ್ರು. ಎಂಟು ತಗೊಂಡೆ.

ರೌಟಿಂಗ್ ಹತ್ತು ರಾತ್ರಿ ತಿಂತು. ಎಂಟು ಲಿಂಕ್, ಲಿಂಕಿಗೆ ನಾಲ್ಕು ಜೋಡಿ, ಜೊತೆಗೆ ಸ್ವಿಚ್ಚಿಂದ ಸ್ವಿಚ್ಚಿಗೆ ಇನ್ನೊಂದು ಲಿಂಕ್, ಒಟ್ಟು 36 ಜೋಡಿ, ಎಲ್ಲಾ 100 ಓಮ್ ಡಿಫರೆನ್ಷಿಯಲ್. ನಾಲ್ಕು ಲೇಯರ್ ಸಾಕಾಯ್ತು.

ಆಗಸ್ಟ್ 24

ಬೋರ್ಡ್ ಬಂತು, ಮೊದಲ ಸಲಕ್ಕೇ ಎಂಟೂ ಲಿಂಕ್ ಗಿಗಾಬಿಟ್ಟಿಗೆ ಎದ್ವು, ತುಂಬಾ ಖುಷಿಯಾಯ್ತು.

ಲಿನಕ್ಸ್ ಬಾಂಡಿಂಗನ್ನ (ಎರಡು ಲಿಂಕನ್ನ ಒಂದೇ ಮಾಡಿ ತೋರ್ಸೋದು) ಆಕ್ಟಿವ್-ಬ್ಯಾಕಪ್ ಮೋಡಲ್ಲಿಟ್ಟು (ಒಂದು ಲಿಂಕ್ ಓಡುತ್ತೆ, ಇನ್ನೊಂದು ಕಾದಿರುತ್ತೆ) ಪಿಂಗ್ ಓಡ್ತಿರುವಾಗ ಸ್ವಿಚ್ ಕಾರ್ಡ್ ಕಿತ್ತೆ, ಎರಡು ಪಿಂಗ್ ಹೋಯ್ತು ಅಷ್ಟೇ. ಆದ್ರೆ ಕೀಳೋದು ಸುಲಭದ ಟೆಸ್ಟ್. ಸ್ವಿಚ್ ಹ್ಯಾಂಗ್ ಆದ್ರೆ ಲಿಂಕ್ ಲೈಟ್ ಉರೀತಾನೇ ಇರುತ್ತೆ, ಪ್ಯಾಕೆಟ್ ಮಾತ್ರ ಮುಂದೆ ಹೋಗಲ್ಲ. ಬೇಕಂತಾನೇ ಹಾಗೆ ಕಾನ್ಫಿಗರ್ ಮಾಡಿ ನೋಡ್ದೆ, ಬಾಂಡಿಂಗ್ ಕದಲ್ಲೇ ಇಲ್ಲ, ಯಾಕಂದ್ರೆ ಎಂಐಐ ಮಾನಿಟರ್ ನೋಡೋದು ಲಿಂಕ್ ಇದೆಯಾ ಅಂತ ಮಾತ್ರ. ಅದನ್ನ ತೆಗೆದು ಎಆರ್‌ಪಿ ಮಾನಿಟರಿಂಗ್ (ಇನ್ನೊಂದು ಕಾರ್ಡಿಗೆ ಪ್ಯಾಕೆಟ್ ಕಳ್ಸಿ ಉತ್ತರ ಬರುತ್ತಾ ನೋಡೋದು) ಹಾಕ್ದೆ, 200 ಮಿಲಿಸೆಕೆಂಡಿಗೊಮ್ಮೆ, ಟಾರ್ಗೆಟ್ ಒಂದಲ್ಲ ಎರಡು ಕಾರ್ಡು, ಒಂದೇ ಕೊಟ್ರೆ ಆ ಕಾರ್ಡ್ ಕಿತ್ತಾಗ ಎಲ್ಲರೂ ಸ್ವಿಚ್ಚೇ ಸತ್ತಿದೆ ಅಂದ್ಕೊಳ್ತಾರೆ. ಈಗ ಹ್ಯಾಂಗ್ ಆದ ಸ್ವಿಚ್ಚಿಂದಾನೂ ಒಂದು ಸೆಕೆಂಡೊಳಗೆ ನಾಲ್ಕೂ ಕಾರ್ಡ್ ಆಚೆ ಬರ್ತಿವೆ. ನಿನ್ನೆ ರಾತ್ರಿಯಿಡೀ ಹತ್ತು ನಿಮಿಷಕ್ಕೊಮ್ಮೆ ಎರಡರಲ್ಲಿ ಒಂದು ಸ್ವಿಚ್ಚನ್ನ ಸ್ಕ್ರಿಪ್ಟಲ್ಲಿ ತಡೆದು ಮತ್ತೆ ಬಿಡೋ ಹಾಗೆ ಮಾಡ್ಸಿದೆ, ಬೆಳಿಗ್ಗೆ ಎದ್ದು ನೋಡಿದ್ರೆ ಇನ್ನೂ ಓಡ್ತಿತ್ತು.