ಮೆಚ್ಚುಗೆಗೂ ವಿವರ ಬೇಕು

ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟ ಇಳಿಯುವ ಬಸ್ಸಿನಲ್ಲಿ, ನನಗೂ ಹಿಡಿಸಿದ್ದ ಸಿನಿಮಾವೊಂದರ ವಿಮರ್ಶೆ ಓದಿದೆ. ‘ಅದ್ಭುತ’, ‘ಮನಮುಟ್ಟುವ’ ಎಂಬ ಮಾತುಗಳೇ ತುಂಬಿದ್ದ ಆ ಬರಹದಲ್ಲಿ ಒಂದು ದೃಶ್ಯದ ವಿವರವೂ ಇರದಿದ್ದುದಕ್ಕೆ ಬೇಸರವಾಯಿತು. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಶ್ರೇಷ್ಠ ಎಂದರಷ್ಟೇ ಸಾಲದು. ವಿಧವೆ ಯಮುನೆಯ ಸಂಕಟವನ್ನು ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿನಿಂದ ಕಾಣಿಸಿದ್ದರಿಂದ, ಅವನಿಗೆ ತಿಳಿಯದ್ದು ನಮಗೆ ತಿಳಿಯುತ್ತ ಹೋಗುವ ನೋವು ಹೇಗೆ ಹುಟ್ಟುತ್ತದೆ, ಕಪ್ಪು-ಬಿಳುಪಿನ ನೆರಳುಗಳು ಅದಕ್ಕೆ ಹೇಗೆ ಒದಗಿಬಂದಿವೆ ಎಂಬುದನ್ನು ಬರೆದಾಗಲೇ ಹೊಗಳಿಕೆ ವಿಮರ್ಶೆಯಾಗುತ್ತದೆ. ನಮ್ಮ ಕಡೆಯ ಹಿರಿಯರು ಯಕ್ಷಗಾನ ನೋಡಿ ಬಂದರೆ ‘ಆಟ ಚೆನ್ನಾಗಿತ್ತು’ ಎಂದು ನಿಲ್ಲಿಸುವುದಿಲ್ಲ. ಭಾಗವತರು ಯಾವ ಪದ್ಯವನ್ನು ಹೇಗೆ ಎತ್ತಿಕೊಂಡರು, ಯಾವ ಮಾತಿಗೆ ಸಭೆ ಸ್ತಬ್ಧವಾಯಿತು ಎಂಬುದನ್ನು ಬೆಳಗಿನ ಚಹದ ಹೊತ್ತಿಗೆ ಮನೆಮಂದಿಗೆಲ್ಲ ಹೇಳುತ್ತಾರೆ.