ಸೌಲನ ಮಾತಿನ ಕೊನೆಯಲ್ಲಿ ಸಿಕ್ಕಿಬೀಳುವ ಹೃದಯ

1 ಸಮುವೇಲ 15ನೇ ಅಧ್ಯಾಯ ಓದುವಾಗ ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಇಸ್ರಾಯೇಲಿನ ಮೊದಲ ಅರಸ ಸೌಲ ಬಾಯಿ ತೆರೆದಲ್ಲೆಲ್ಲ ಕ್ರಿಯಾಪದದ ಕೊನೆಗೆ ಒಂದು ಗೆರೆ ಎಳೆಯಿರಿ. ಸದ್ಯಕ್ಕೆ ಅಷ್ಟು ಸಾಕು.

ವೈರಿಗಳಾದ ಅಮಾಲೇಕ್ಯರ ದನಕುರಿಗಳಲ್ಲಿ ಒಂದನ್ನೂ ಉಳಿಸಬಾರದೆಂದು ಪ್ರವಾದಿ ಸಮುವೇಲನ ಮೂಲಕ ದೇವರ ಅಪ್ಪಣೆಯಾಗಿತ್ತು. ಯುದ್ಧ ಮುಗಿಸಿ ಬಂದ ಸೌಲ ಸಮುವೇಲನನ್ನು ಕಂಡೊಡನೆ, ಯೆಹೋವನ ಮಾತನ್ನು ನೆರವೇರಿಸಿದ್ದೇನೆ ಅನ್ನುತ್ತಾನೆ (ವ. 13). ಇಲ್ಲಿ ‘ನಾನು’ ಇದೆ. ಹಾಗಾದರೆ ನನ್ನ ಕಿವಿಗೆ ಬೀಳುತ್ತಿರುವ ಕುರಿಗಳ ಕೂಗು ಎಂಥದ್ದು ಎಂದು ಪ್ರವಾದಿ ಕೇಳುತ್ತಾನೆ. ಉತ್ತರದಲ್ಲಿ ‘ನಾನು’ ಮಾಯ: ಜನರು ಉತ್ತಮವಾದವುಗಳನ್ನು ಉಳಿಸಿದರು, ಮಿಕ್ಕದ್ದನ್ನೆಲ್ಲ ನಾಶಮಾಡಿದೆವು (ವ. 15). ತಪ್ಪಿಗೆ ‘ಅವರು’, ಸರಿಯಾದದ್ದಕ್ಕೆ ‘ನಾವು’. ಮೂಲ ಭಾಷೆಯಾದ ಹೀಬ್ರೂವಿನಲ್ಲೂ ಕನ್ನಡದ ಹಾಗೆ ಕ್ರಿಯಾಪದವೇ ಮಾಡಿದವರು ಯಾರೆಂದು ಹೇಳಿಬಿಡುತ್ತದೆ, ಹಾಗಾಗಿ ಇದು ಅನುವಾದದಲ್ಲಿ ಹುಟ್ಟಿದ ವ್ಯತ್ಯಾಸವಲ್ಲ. ಆದರೆ 9ನೇ ವಚನ ಮೊದಲೇ ಸ್ಪಷ್ಟವಾಗಿ ಹೇಳಿದೆ: ಉಳಿಸಿದವರು ಸೌಲನೂ ಜನರೂ. ಇನ್ನೊಂದು ಮಾತನ್ನೂ ಬಿಡಬೇಡಿ. ಆ ಕುರಿಗಳು ‘ನಿನ್ನ ದೇವರಾದ ಯೆಹೋವನಿಗೆ’ ಬಲಿಕೊಡಲಿಕ್ಕಂತೆ. ದೇವರು ಕೂಡ ಸಮುವೇಲನ ಪಾಲಿಗೆ ಹೋದ.

ಸೌಲ ಇಲ್ಲಿ ಬೇಕೆಂದೇ ಸುಳ್ಳು ಹೇಳುತ್ತಿದ್ದಾನೆ ಎಂದು ನಮಗೆ ಅನ್ನಿಸುವುದಿಲ್ಲ. ಅವನು ತನ್ನ ಮಾತನ್ನು ತಾನೇ ನಂಬಿರುವ ಹಾಗಿದೆ, ಭಯ ಹುಟ್ಟಿಸುವುದು ಅದೇ. ಆತ್ಮವಂಚನೆ ಭಕ್ತಿಯ ಬಟ್ಟೆ ಹಾಕಿಕೊಂಡು ಬಂದಾಗ ಒಳಗಿನವನಿಗೇ ಗುರುತು ಸಿಗುವುದಿಲ್ಲ. ಹೃದಯ ಎಲ್ಲಕ್ಕಿಂತ ವಂಚಕ, ಅದನ್ನು ತಿಳಿಯುವವರು ಯಾರು ಎಂದು ಯೆರೆಮೀಯ 17:9 ಕೇಳುವುದು ಇದಕ್ಕೇ.

ಕನ್ನಡದಲ್ಲಿ ಹೀಗೆ ಜಾರಿಕೊಳ್ಳುವುದಕ್ಕೆ ಇನ್ನೂ ಸಲೀಸಾದ ದಾರಿ ಇದೆ. ‘ತಪ್ಪು ಮಾಡಿದೆ’ ಅನ್ನಬೇಕಾದಲ್ಲಿ ‘ತಪ್ಪಾಯ್ತು’ ಅನ್ನುತ್ತೇವೆ. ‘ಬೈದೆ’ ಅನ್ನುವ ಬದಲು ‘ಬಾಯಿ ತಪ್ಪಿ ಬಂತು’, ‘ಕೊಡಲಿಲ್ಲ’ ಅನ್ನುವ ಬದಲು ‘ಕೊಡೋಕೆ ಆಗಲಿಲ್ಲ’. ಮಾಡಿದವರೇ ಇಲ್ಲದೆ ಕೆಲಸ ತಾನಾಗಿ ಆಗಿಹೋಗುತ್ತದೆ. ರೂಢಿಯ ಮಾತಿನಲ್ಲಿ ಇದು ಸೌಜನ್ಯ, ಅದರಲ್ಲಿ ಕೆಟ್ಟದ್ದೇನೂ ಇಲ್ಲ. ದೇವರ ಮುಂದೆ ಅದೇ ರೂಪ ಬಳಸಿದರೆ ಬಚ್ಚಿಟ್ಟುಕೊಳ್ಳುವ ಜಾಗವಾಗುತ್ತದೆ.

ಇದನ್ನು ಹೀಗೆ ಮಾಡಿ ನೋಡಬಹುದು. ವಾರಕ್ಕೊಮ್ಮೆ, ಶನಿವಾರ ರಾತ್ರಿ ಆದರೆ ಒಳ್ಳೆಯದು, 20 ನಿಮಿಷ ತೆಗೆದಿಡಿ. ಆ ವಾರ ಮನಸ್ಸಿನಲ್ಲಿ ಚುಚ್ಚುತ್ತಿರುವ ಒಂದೇ ಒಂದು ಘಟನೆಯನ್ನು ಐದಾರು ಸಾಲಿನಲ್ಲಿ, ಮನೆಯವರಿಗೆ ಹೇಳುವ ಹಾಗೆಯೇ ಬರೆಯಿರಿ. ತಿದ್ದಬೇಡಿ. ಆಮೇಲೆ 1 ಸಮುವೇಲ 15:10-31 ನಿಧಾನವಾಗಿ ಓದಿ, ತಿರುಗಿ ನಿಮ್ಮ ಸಾಲುಗಳಿಗೆ ಬನ್ನಿ. ‘ಆಯ್ತು’, ‘ಬಂತು’, ‘ಮಾಡಿದರು’ ಇರುವಲ್ಲೆಲ್ಲ ಗೆರೆ ಹಾಕಿ, ನಿಜವಾಗಿ ಮಾಡಿದವರು ನೀವೇ ಆಗಿದ್ದರೆ ‘ಮಾಡಿದೆ’ ಎಂದು ತಿದ್ದಿ ಬರೆಯಿರಿ. ‘ಆದರೆ’ ಎಂದು ಶುರುವಾಗುವ ವಾಕ್ಯವನ್ನು ಹೊಡೆದುಹಾಕಿ. ಸಾಮಾನ್ಯವಾಗಿ ಕೈ ತಡೆಯುವುದು ಇಲ್ಲೇ.

ಕೊನೆಯದು ಕಷ್ಟದ್ದು. 24ನೇ ವಚನದಲ್ಲಿ ಸೌಲ, ಪಾಪಮಾಡಿದ್ದೇನೆ, ಜನರಿಗೆ ಹೆದರಿದೆ ಎಂದು ಒಪ್ಪಿಕೊಳ್ಳುತ್ತಾನೆ. ಅಂತೂ ಸತ್ಯ ಹೊರಬಿತ್ತು ಅನ್ನಿಸುತ್ತದೆ. 30ನೇ ವಚನಕ್ಕೆ ಬಂದರೆ, ಪಾಪಮಾಡಿದ್ದೇನೆ ನಿಜ, ಆದರೂ ಹಿರಿಯರ ಮುಂದೆ ನನ್ನನ್ನು ಸನ್ಮಾನಿಸು ಎಂದು ಕೇಳಿಕೊಳ್ಳುತ್ತಾನೆ. ಆದ್ದರಿಂದ ಕ್ಷಮೆ ಕೇಳಿದ ನಂತರದ ಸಾಲಿನಲ್ಲಿ ನೀವು ಏನು ಬಯಸಿದ್ದೀರಿ ಎಂದು ಹುಡುಕಿ. ಗುಟ್ಟು ಸಾಮಾನ್ಯವಾಗಿ ಅಲ್ಲಿರುತ್ತದೆ.

12ನೇ ವಚನವನ್ನು ಹೆಚ್ಚಿನವರು ದಾಟಿಹೋಗುತ್ತಾರೆ. ಇಷ್ಟೆಲ್ಲ ನಡೆಯುವ ಮೊದಲೇ ಸೌಲ ಕರ್ಮೆಲಿನಲ್ಲಿ (ಪ್ರವಾದಿ ಎಲೀಯನ ಬೆಟ್ಟವಲ್ಲ, ಯೆಹೂದದ ಊರು) ತನಗಾಗಿ ಒಂದು ಜ್ಞಾಪಕಸ್ತಂಭ ನಿಲ್ಲಿಸಿದ್ದ. ನಮ್ಮ ಸಭೆಗಳ ಫ್ಯಾನಿನ ರೆಕ್ಕೆಯ ಮೇಲೆ, ಬೆಂಚಿನ ಬೆನ್ನ ಮೇಲೆ ಬರೆಸಿದ ಹೆಸರುಗಳು ಆಗ ನೆನಪಾಗಬೇಕು. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಕೂಗುವ ಬೆಲೆಯೂ. ಹೆಸರು ಹಾಕಿಸುವುದೇ ಪಾಪವೆಂದು ನಾವು ಹೇಳುವುದಿಲ್ಲ, ತೀರಿಹೋದ ಅಮ್ಮನ ನೆನಪಿಗೆ ಕೊಟ್ಟವರು ಎಷ್ಟೋ ಮಂದಿ ಇದ್ದಾರೆ. ಹೆಸರು ಬರುವುದಿಲ್ಲ ಎಂದಿದ್ದರೂ ಅಷ್ಟೇ ಕೊಡುತ್ತಿದ್ದೆನೇ ಎಂಬ ಪ್ರಶ್ನೆಯನ್ನು ಮತ್ತಾಯ 6:1-4 ನಮ್ಮ ಕೈಗೆ ಕೊಡುತ್ತದೆ. ಅದಕ್ಕೆ ಉತ್ತರಿಸಬೇಕಾದವರು ಕೊಟ್ಟವರೇ.

ಈ ಅಭ್ಯಾಸ ಕೆಡುವುದು ಹೆಚ್ಚಾಗಿ ಎರಡು ಕಡೆ. ಒಂದು, ಅಗೆಯುತ್ತಲೇ ಇರುವುದು. ತನ್ನ ಉದ್ದೇಶಗಳನ್ನು ದಿನವಿಡೀ ಕೆದಕುವವರಿಗೆ ಅದೇ ಒಂದು ಹೆಮ್ಮೆಯಾಗುತ್ತದೆ, ಇಲ್ಲವೇ ಎದೆ ಕುಸಿಯುತ್ತದೆ. ನನ್ನಲ್ಲಿ ದೋಷ ಕಾಣುತ್ತಿಲ್ಲ, ಅಷ್ಟರಿಂದ ನಾನು ನೀತಿವಂತನಾಗುವುದಿಲ್ಲ, ವಿಚಾರಿಸುವವನು ಕರ್ತನು ಎಂದು ಪೌಲ ಹೇಳುತ್ತಾನೆ (1 ಕೊರಿಂಥ 4:4). ಹೃದಯ ನಮ್ಮನ್ನು ದೋಷಿಯೆಂದರೂ ದೇವರು ಹೃದಯಕ್ಕಿಂತ ದೊಡ್ಡವನು (1 ಯೋಹಾನ 3:20). 20 ನಿಮಿಷ ಅಂದದ್ದು ಅದಕ್ಕೇ. ಗಡಿಯಾರ ನೋಡಿ, ನಿಲ್ಲಿಸಿ, ಕೀರ್ತನೆ 139:23-24 ಓದಿ ಮಲಗಿ. ನನ್ನನ್ನು ಪರೀಕ್ಷಿಸು ಎಂಬ ಆ ಬಿನ್ನಹ ಬರುವುದು ವೈರಿಗಳ ಮೇಲೆ ಕಿಡಿಕಾರಿದ ನಾಲ್ಕು ವಚನಗಳ ಬೆನ್ನಿಗೇ.

ಎರಡನೆಯದು ಇನ್ನೂ ಸಾಮಾನ್ಯ: ದೇವರ ವಾಕ್ಯ ತನಗಲ್ಲ, ಪಕ್ಕದವರಿಗೆ ಅಂದುಕೊಳ್ಳುವುದು. ‘ಇವತ್ತಿನ ಪ್ರಸಂಗ ಅವರಿಗೇ ಹೇಳಿದ ಹಾಗಿತ್ತು’ ಎಂಬ ಮಾತನ್ನು ಆರಾಧನೆ ಮುಗಿದ ಮೇಲೆ ಗೇಟಿನ ಹತ್ತಿರ ಎಷ್ಟು ಸಲ ಕೇಳಿಲ್ಲ! ಸೌಲನ ನಂತರ ಅರಸನಾದ ದಾವೀದನೂ ಹೀಗೇ ಕೇಳಿಸಿಕೊಂಡ. ಐಶ್ವರ್ಯವಂತನೊಬ್ಬ ಬಡವನ ಕುರಿಮರಿಯನ್ನು ಕಿತ್ತುಕೊಂಡ ಸಂಗತಿಯನ್ನು ಪ್ರವಾದಿ ನಾತಾನ ಹೇಳಿದಾಗ ಅವನ ಸಿಟ್ಟು ನೆತ್ತಿಗೇರಿತು, ಆ ಮನುಷ್ಯ ನಾಲ್ಕರಷ್ಟು ಹಿಂದೆ ಕೊಡಬೇಕು ಅಂದ (2 ಸಮುವೇಲ 12:6). ವಿಮೋಚನಕಾಂಡ 22:1ರ ಲೆಕ್ಕ ಅದು, ಒಂದು ಕುರಿಗೆ ನಾಲ್ಕು. ಊರೀಯನ ಹೆಂಡತಿಯನ್ನು ತೆಗೆದುಕೊಂಡು ಅವನನ್ನು ಕೊಲ್ಲಿಸಿದ ಈ ರಾಜನಿಗೆ ಧರ್ಮಶಾಸ್ತ್ರ ಚೆನ್ನಾಗಿಯೇ ಗೊತ್ತಿತ್ತು. ಆ ಮನುಷ್ಯ ನೀನೇ ಅನ್ನಿಸಿಕೊಂಡ ಮೇಲೆ ಅವನು ಆಡಿದ್ದು ಹೀಬ್ರೂವಿನಲ್ಲಿ ಎರಡೇ ಪದ: ಯೆಹೋವನಿಗೆ ವಿರೋಧವಾಗಿ ಪಾಪಮಾಡಿದ್ದೇನೆ. ಸೌಲನ ಹಾಗೆ ಅದರ ಹಿಂದೆ ಬೇಡಿಕೆ ಬರಲಿಲ್ಲ.

ಅದೇ ನಾಲ್ಕರಷ್ಟು ಲೂಕ 19:8ರಲ್ಲಿ ಮತ್ತೆ ಬರುತ್ತದೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ. ಯೆರಿಕೋವಿನಲ್ಲಿ ಸುಂಕದವನಾದ ಜಕ್ಕಾಯ ಎಲ್ಲರ ಮುಂದೆ ಎದ್ದು ನಿಂತಿದ್ದಾನೆ, ಅವನನ್ನು ಯಾರೂ ಕೇಳಿಲ್ಲ. ‘ಕೊಡಬೇಕು’ ಅನ್ನುವುದಿಲ್ಲ ಅವನು, ‘ಕೊಡುತ್ತೇನೆ’ ಅನ್ನುತ್ತಾನೆ.