ಬೆಳಗಿನ 4:45ಕ್ಕೆ ಸೋಲಾರ್ ಟ್ಯಾಂಕಿನ ಬಿಸಿ ಎಲ್ಲಿಗೆ ಹೋಗುತ್ತಿತ್ತು?

ಸಿಕ್ಕಿತು! ಹನ್ನೊಂದು ದಿನ ತಲೆ ಕೆಡಿಸಿದ್ದ ಕಳ್ಳ ನಿನ್ನೆ ಬೆಳಗ್ಗೆ ಸಿಕ್ಕಿಬಿದ್ದ.

ಪ್ಯಾನೆಲ್ ಗಾಜು ಒರೆಸಿದ್ದು, ಬೋರ್ ನೀರಿನ ಉಪ್ಪು ಕಟ್ಟಿದ ಪೈಪಿಗೆ ಸಿಟ್ರಿಕ್ ಆಸಿಡ್ ಬಿಟ್ಟದ್ದು ಎಲ್ಲ ನೀವೂ ಮಾಡಿರುತ್ತೀರಿ, ಅದು ಬೇಡ. ನಮ್ಮದು 200 ಲೀಟರ್ ಟ್ಯಾಂಕು, ತಾಮ್ರದ ಫ್ಲ್ಯಾಟ್ ಪ್ಲೇಟ್ ಪ್ಯಾನೆಲ್ ಎರಡು. ಸಂಜೆ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು. ಬೆಳಗ್ಗೆ ಉಗುರುಬೆಚ್ಚಗೆ. ಅದೂ ದಿನಾ ಅಲ್ಲ. ಮೂರು ದಿನ ಸರಿ, ಎರಡು ದಿನ ತಣ್ಣಗೆ. ಧನುರ್ಮಾಸ ಬೇರೆ, ಅಮ್ಮ 5:15ಕ್ಕೆ ಸ್ನಾನ ಮುಗಿಸಿ ದೇವಸ್ಥಾನಕ್ಕೆ ಹೊರಡಬೇಕು. "ಇವತ್ತೂ ಕಾದಿಲ್ವಲ್ಲೋ" ಅನ್ನುವುದನ್ನು ಕೇಳಿ ಕೇಳಿ ನನಗೇ ಸಂಕಟ ಆಗುತ್ತಿತ್ತು. ಮೈಸೂರಿನ ಆ ಚಳಿಯಲ್ಲಿ ಅರವತ್ತೆಂಟು ವರ್ಷದವರಿಗೆ ತಣ್ಣೀರು ಕೊಡುವುದು ಸಣ್ಣ ವಿಷಯ ಅಲ್ಲ.

ಮೊದಲ ಅನುಮಾನ ರಾತ್ರಿಯ ಉಲ್ಟಾ ಹರಿವು. ಟ್ಯಾಂಕಿನ ತಳ ಪ್ಯಾನೆಲಿನ ತಲೆಗಿಂತ ಸಾಕಷ್ಟು ಮೇಲಿಲ್ಲದಿದ್ದರೆ, ರಾತ್ರಿ ಪ್ಯಾನೆಲಿನಲ್ಲಿ ತಣ್ಣಗಾದ ನೀರು ಕೆಳಗಿಳಿದು ಬಿಸಿ ನೀರನ್ನು ಎಳೆದುಕೊಳ್ಳುತ್ತದೆ. ಬಂದ ಪ್ಲಂಬರ್ ಅಣ್ಣನೂ ಅದನ್ನೇ ಹೇಳಿ, ಸ್ಟ್ಯಾಂಡ್ ಎತ್ತರಿಸಬೇಕು ಅಂದರು. ನನಗೆ ಒಪ್ಪಿಗೆ ಆಗಲಿಲ್ಲ. ಉಲ್ಟಾ ಹರಿವಾದರೆ ದಿನಾ ಆಗಬೇಕು, ಅಲ್ವಾ?

ಸರಿ, ಅಳೆದೇ ನೋಡೋಣ ಅಂತ ಬಿಸಿ ಅಳೆಯುವ ಮೂರು ಡಿಎಸ್18ಬಿ20 ಸೆನ್ಸರ್ ಕಟ್ಟಿದೆ: ಬಿಸಿ ನೀರು ಹೊರಬರುವ ಪೈಪಿಗೆ ಒಂದು, ಪ್ಯಾನೆಲಿನ ಕೆಳಗಿನ ಪೈಪಿಗೆ ಒಂದು, ಮೇಲಿನ ತಣ್ಣೀರಿನ ಸಿಂಟೆಕ್ಸ್ ಟ್ಯಾಂಕಿನೊಳಗೆ ಒಂದು. ಮೊದಲ ರಾತ್ರಿ ಎರಡು ಗಂಟೆಗೆ 85 ಡಿಗ್ರಿ ಅಂತ ಬಂತು. ಅದನ್ನು ನಂಬಬೇಡಿ, ಆ ಸೆನ್ಸರಿಗೆ ಕರೆಂಟ್ ಕೊಟ್ಟ ಕೂಡಲೇ ಅದರೊಳಗೆ ಇರುವ ಅಂಕಿ ಅದು. ಜಾಯಿಂಟ್ ಲೂಸ್ ಇತ್ತು. ಬೆಸುಗೆ ಹಾಕಿ, 4.7 ಕಿಲೋ ಓಮ್ ರೆಸಿಸ್ಟರ್ ಬದಲಿಸಿದ ಮೇಲೆ ಸರಿಹೋಯಿತು.

ಐದನೇ ರಾತ್ರಿ ಗ್ರಾಫ್ ಮಾತಾಡಿತು. ಬಿಸಿ ನೀರಿನ ಹೊರಪೈಪು ಸಂಜೆ 61 ಡಿಗ್ರಿ, ಬೆಳಗಿನ 4:40ಕ್ಕೆ 57. ರಾತ್ರಿಯಿಡೀ ಬರೀ ನಾಲ್ಕು ಡಿಗ್ರಿ ಇಳಿದಿದೆ. ಪ್ಯಾನೆಲಿನ ಪೈಪು 17ರಲ್ಲಿ ತಣ್ಣಗೆ ಕೂತಿದೆ, ಅಂದರೆ ಅಲ್ಲಿ ಬಿಸಿ ನೀರು ಓಡಾಡಿಲ್ಲ. ಉಲ್ಟಾ ಹರಿವಿನ ಮಾತು ಅಲ್ಲಿಗೆ ಮುಗಿಯಿತು. ಆದರೆ 4:45ರಿಂದ ಹೊರಪೈಪು ದಬದಬ ಇಳಿದು 24ಕ್ಕೆ ಬಂದಿದೆ! ಆಗ ಮನೆಯಲ್ಲಿ ಯಾರೂ ಒಂದು ನಲ್ಲಿಯನ್ನೂ ಬಿಟ್ಟಿರಲಿಲ್ಲ.

ದಾರಿ ತೋರಿಸಿದವರು ಅಮ್ಮನೇ. "ತುಳಸಿಗೆ ಹಾಕೋ ನೀರು ಯಾಕೋ ಬೆಚ್ಚಗಿದೆ ಕಣೋ, ಇವತ್ತು" ಅಂದರು. ತಣ್ಣೀರಿನ ನಲ್ಲಿಯಲ್ಲಿ ಬೆಚ್ಚಗಿನ ನೀರು! ಮಹಡಿಗೆ ಓಡಿ ಮೂರನೇ ಸೆನ್ಸರ್ ನೋಡಿದರೆ ಸಾವಿರ ಲೀಟರಿನ ಸಿಂಟೆಕ್ಸ್ 22ರಿಂದ 26ಕ್ಕೆ ಏರಿದೆ.

4:45ಕ್ಕೆ ಅಮ್ಮ ಎದ್ದು ಮಾಡುವ ಮೊದಲ ಕೆಲಸ ಪ್ರೆಶರ್ ಪಂಪಿನ ಸ್ವಿಚ್ ಹಾಕುವುದು. ಪಕ್ಕದ ಮನೆಯವರಿಗೆ ಸದ್ದು ಅಂತ ರಾತ್ರಿ ಆರಿಸಿರುತ್ತೇವೆ. ಆ ಪಂಪು ಇರುವುದು ತಣ್ಣೀರಿನ ಲೈನಿಗೆ ಮಾತ್ರ, ಹಾಗಾಗಿ ಅಲ್ಲಿ ಒತ್ತಡ ಬಿಸಿ ಲೈನಿಗಿಂತ ಹೆಚ್ಚು. ಮೇಲಿನ ಬಚ್ಚಲಿನ ಮಿಕ್ಸರಿನಲ್ಲಿ ಮಗಳು ಕೆಲವು ದಿನ ಎರಡೂ ತಿರುಪು ತೆರೆದಿಟ್ಟು, ಹ್ಯಾಂಡ್ ಶವರಿನ ಬಟನಿನಿಂದ ಮಾತ್ರ ನೀರು ನಿಲ್ಲಿಸಿ ಬರುತ್ತಾಳೆ. ನೀರು ನಿಂತ ಹಾಗೆ ಕಾಣುತ್ತದೆ. ಒಳಗೆ ಮಾತ್ರ ಬಿಸಿ, ತಣ್ಣೀರು ಎರಡೂ ಲೈನು ಒಂದಾಗಿವೆ. ಪಂಪ್ ಶುರುವಾದ ಕೂಡಲೇ ತಣ್ಣೀರು ಮಿಕ್ಸರ್ ದಾಟಿ, ಬಿಸಿ ಪೈಪಿನಲ್ಲಿ ಹಿಂದಕ್ಕೆ ಏರಿ, ಸೋಲಾರ್ ಟ್ಯಾಂಕಿಗೆ ನುಗ್ಗಿ, ಅಲ್ಲಿದ್ದ ಬಿಸಿಯನ್ನು ತಣ್ಣೀರು ಬರುವ ಪೈಪಿನಿಂದಲೇ ಸಿಂಟೆಕ್ಸಿಗೆ ತಳ್ಳುತ್ತದೆ. ಟ್ಯಾಂಕಿನ 200 ಲೀಟರ್ ಒಟ್ಟಾರೆ 57ರಿಂದ ಉಗುರುಬೆಚ್ಚಗಿನ 35ಕ್ಕೆ ಇಳಿದರೆ ಹತ್ತಿರಹತ್ತಿರ ಐದು ಯೂನಿಟ್ ಕರೆಂಟಿನಷ್ಟು ಬಿಸಿ. ಸಿಂಟೆಕ್ಸ್ ಏರಿದ ನಾಲ್ಕು ಡಿಗ್ರಿಗೆ ಲೆಕ್ಕ ಸರಿಯಾಗಿ ಕೂಡುತ್ತದೆ!

ನಿನ್ನೆ ಪರೀಕ್ಷೆ ಮಾಡಿದೆ. ತಿರುಪು ಎರಡೂ ಮುಚ್ಚಿ ಪಂಪ್ ಹಾಕಿದೆ, ಗ್ರಾಫ್ ಅಲ್ಲಾಡಲಿಲ್ಲ. ತೆರೆದೆ, ನಾಲ್ಕೇ ನಿಮಿಷದಲ್ಲಿ ಇಳಿಯಲು ಶುರು.

ಮಗಳಿಗೆ ಹೇಳಿದ್ದೇನೆ. ಆದರೆ ಯಾರಾದರೂ ಒಂದು ತಿರುಪು ಮರೆತರೆ ಅಮ್ಮನ ಸ್ನಾನ ಕೆಡಬಾರದು. ಬಿಸಿ ಲೈನಿಗೆ ಎನ್‌ಆರ್‌ವಿ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಬೇಕೇ ಬೇಕು. ಇಲ್ಲಿ ಅಂಗಡಿಯವರ ಮೇಲೆ ನನಗೆ ನಿಜವಾಗಿ ಕೋಪ ಬಂತು. ಒಳಗೆ ನೇತಾಡುವ ಮುಚ್ಚಳ, ಅಂದರೆ ಫ್ಲ್ಯಾಪ್ ಇರುವುದು ಕೊಡಿ ಅಂದರೆ, "ಎಲ್ಲಾ ಒಂದೇ ಸಾರ್" ಅಂತ ಸ್ಪ್ರಿಂಗಿನದು ಕೊಟ್ಟು ಕಳಿಸಿದರು. ನಮ್ಮ ಬಿಸಿ ನೀರು ಬರೀ ಎತ್ತರದ ಒತ್ತಡದಲ್ಲಿ ಇಳಿಯುವಂಥದ್ದು. ಸ್ಪ್ರಿಂಗ್ ತಳ್ಳಲು ಅದಕ್ಕೆ ಶಕ್ತಿ ಸಾಲದೆ ಮೇಲಿನ ಬಚ್ಚಲಿಗೆ ದಾರದಂತೆ ನೀರು ಬಂತು. ವಾಪಸ್ ಕೊಡಲು ಹೋದರೆ ಟೇಪ್ ಸುತ್ತಿದ ಮಾಲು ತಗೊಳ್ಳಲ್ಲ ಅಂದರು. ಬೇರೆ ಅಂಗಡಿಯಲ್ಲಿ ಹಿತ್ತಾಳೆಯ ಫ್ಲ್ಯಾಪ್ ಸಿಕ್ಕಿತು. ಅದನ್ನು ಕೆಳಗಿಳಿಯುವ ಪೈಪಿಗೆ ಹಾಕಬೇಡಿ, ಫ್ಲ್ಯಾಪ್ ತನ್ನ ತೂಕಕ್ಕೇ ತೆರೆದು ನೇತಾಡುತ್ತದೆ. ಮಹಡಿಯ ಮೇಲೆ ಮಲಗಿರುವ ಪೈಪಿನಲ್ಲಿ, ವಾಲ್ವಿನ ಮೇಲಿನ ಬಾಣ ಬಚ್ಚಲಿನ ಕಡೆಗೆ ತಿರುಗಿಸಿ ಹಾಕಿದೆ.

ಇವತ್ತು ಬೇಕೆಂದೇ ತಿರುಪು ತೆರೆದಿಟ್ಟಿದ್ದೆ. 5:15ಕ್ಕೆ 56 ಡಿಗ್ರಿ. ಬಚ್ಚಲಿಂದ ಹಬೆ ಬರುವುದನ್ನು ನೋಡಿ ನನಗೆ ನೀರು ತುಂಬುವ ಹಬ್ಬದ ಹಂಡೆ ನೆನಪಾಯಿತು.

ಇನ್ನೊಂದು ಬಾಕಿ ಇದೆ. ಟ್ಯಾಂಕಿನಿಂದ ಕೆಳಗಿನ ಬಚ್ಚಲಿಗೆ 18 ಮೀಟರ್ ಮುಕ್ಕಾಲಿಂಚಿನ ಪೈಪು, ಮೀಟರಿಗೆ ಕಾಲು ಲೀಟರ್ ಅಂದರೂ ಬಿಸಿ ಬರುವ ಮೊದಲು ನಾಲ್ಕೂವರೆ ಲೀಟರ್ ತಣ್ಣೀರು ಸುಮ್ನೆ ಚರಂಡಿಗೆ ಹೋಗುತ್ತದೆ. ಒಂದು ವಾಪಸ್ ಪೈಪು, ಒಂದು ಸಣ್ಣ 12 ವೋಲ್ಟ್ ಪಂಪು ಹಾಕಿ ಸ್ನಾನಕ್ಕೆ ಎರಡು ನಿಮಿಷ ಮೊದಲು ನೀರು ಸುತ್ತಿಸಬೇಕು ಅಂತಿದ್ದೇನೆ. 60 ಡಿಗ್ರಿ ತಡೆಯುವ ಪಂಪ್ ಯಾರಾದರೂ ಬಳಸಿದ್ದರೆ ಹೇಳಿ, ಭಾನುವಾರ ಗೋಡೆ ಕೊರೆಯಲು ಶುರು ಮಾಡುತ್ತೇನೆ.